ಹದಡಿ ಹೊಲದಲ್ಲಿ ‘ಹೊಡಿ’ ಪಾಠ

ದಾವಣಗೆರೆ ಅಂದಕೂಡಲೇ ನಿಮಗೆ ಬೆಣ್ಣೆ ದೋಸೆ ನೆನಪಾಗುತ್ತದೆ, ನನಗೆ ಗೊತ್ತು. ದೋಸೆಯ ವಿಚಾರ ಬೇಕಾದಷ್ಟು ಜನ ಬರೆದಿದ್ದಾರೆ, ಇವತ್ತು ಅದು ಬೇಡ. ಈ ಕಡೆ ಬರುವ ನೆಂಟರೆಲ್ಲ ಮೊದಲು ಹರಿಹರಕ್ಕೆ ಹೋಗುತ್ತಾರೆ. ಹೊಯ್ಸಳರ ದಂಡನಾಯಕ ಪೊಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರನ ಗುಡಿ ನೋಡಿ, ತುಂಗಭದ್ರೆಯ ನೀರು ತಲೆಗೆ ಪ್ರೋಕ್ಷಿಸಿಕೊಂಡು, ದಾವಣಗೆರೆಗೆ ಬಂದು ದೋಸೆ ತಿಂದು, ಒಂದು ಸೀರೆ ಕೊಂಡು ಊರಿಗೆ ಹೊರಟರೆ ಪ್ರವಾಸ ಮುಗಿಯಿತು. ಪೇಟೆಯಲ್ಲಿ ‘ಹದಡಿ ರಸ್ತೆ’ ಅಂತ ಬೋರ್ಡು ಓದಿದವರು ಸಾವಿರಾರು ಮಂದಿ ಇದ್ದಾರೆ. ಆ ರಸ್ತೆ ಹಿಡಿದು ಹದಡಿಯನ್ನೇ ನೋಡಿ ಬಂದವರು ಎಷ್ಟು ಮಂದಿ, ಹೇಳಿ?

ದೂರವೇನಲ್ಲ. ಬಸ್ಸಿನಲ್ಲಿ ಕೂತು ಪಕ್ಕದವರ ಜೊತೆ ಸೊಸೆಯ ವಿಚಾರ ತೆಗೆದರೆ, ಆ ಹರಟೆ ಮುಗಿಯುವಷ್ಟರಲ್ಲಿ ಊರು ಬಂದಿರುತ್ತದೆ. ಪೇಟೆಯ ಅಂಗಡಿ, ಹಾಸ್ಟೆಲು, ಹೊಸ ಬಡಾವಣೆಗಳ ಸಾಲು ಕಳೆದದ್ದೇ ತಡ, ಕಣ್ಣಿಗೆ ಹಸಿರು ಬೀಳುತ್ತದೆ. ಲಕ್ಕವಳ್ಳಿಯ ಅಣೆಕಟ್ಟಿನಿಂದ ಕಾಲುವೆಯಲ್ಲಿ ಬರುವ ಭದ್ರೆಯ ನೀರು ಈ ಸೀಮೆಯ ಬದುಕನ್ನೇ ಬದಲಿಸಿತು. ಒಂದು ಕಾಲಕ್ಕೆ ಜೋಳ, ಹತ್ತಿ ಬೆಳೆಯುತ್ತಿದ್ದವರು ಬತ್ತದವರಾದರು. ಈಚೆಗೆ ಗದ್ದೆಯ ನಡುನಡುವೆ ಅಡಿಕೆ ಗಿಡಗಳೂ ತಲೆ ಎತ್ತಿವೆ. ನಮ್ಮ ಯಜಮಾನರ ಸೋದರತ್ತೆಯ ಮನೆ ಹದಡಿಯಲ್ಲಿ. ಆಶ್ವಯುಜ ಮಾಸದ ಹುಣ್ಣಿಮೆಗೆ ಹೊಲದ ಊಟಕ್ಕೆ ಬರಲೇಬೇಕು ಅಂತ ಅವರ ಕಟ್ಟಪ್ಪಣೆ. ಬಯಲುಸೀಮೆಯವರು ಇದನ್ನು ಸೀಗಿ ಹುಣ್ಣಿಮೆ ಅಂತಾರೆ, ಮಲೆನಾಡಿನವರು ಭೂಮಿ ಹುಣ್ಣಿಮೆ ಅಂತಾರೆ. ನಡುವೆ ಇರುವ ನಮ್ಮಲ್ಲಿ ಎರಡೂ ಹೆಸರು ನಡೆಯುತ್ತವೆ.

ಹೋದ ವರ್ಷ ನನ್ನ ಜೊತೆ ಇನ್ನೊಬ್ಬಳು ಬಂದಿದ್ದಳು. 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಶುರುವಾದ ಮೇಲೆ ದಾವಣಗೆರೆಗೆ ದೇಶದ ಮೂಲೆಮೂಲೆಯ ಮಕ್ಕಳು ಓದಲು ಬರುತ್ತಾರೆ. ಮುಂದೆ ಇನ್ನೂ ಕಾಲೇಜುಗಳಾದವು. ಹೀಗಾಗಿ ಇಲ್ಲಿನ ಎಷ್ಟೋ ಮನೆಗಳ ಮಹಡಿಯಲ್ಲಿ ಒಬ್ಬ ಭಾವೀ ಡಾಕ್ಟರು ಬಾಡಿಗೆಗೆ ಇರುತ್ತಾರೆ. ನಮ್ಮ ಮಹಡಿಯಲ್ಲಿ ಇರುವವಳು ಅಸ್ಸಾಮಿನ ಹುಡುಗಿ. ಹಳ್ಳಿಯಿಂದ ಬರುವ ರೋಗಿಯ ಮಾತು ತಿಳಿಯದಿದ್ದರೆ ಸ್ಟೆತಸ್ಕೋಪು ಇಟ್ಟುಕೊಂಡು ಏನು ಪ್ರಯೋಜನ? ಆದ್ದರಿಂದ ಅವಳು ಕನ್ನಡ ಕಲಿಯುತ್ತಿದ್ದಾಳೆ. ಕೈಯಲ್ಲಿ ಸದಾ ಒಂದು ಪುಟ್ಟ ನೋಟ್‌ಬುಕ್ಕು. ಅವಳಿಗೆ ಕಾಟ ಕೊಟ್ಟದ್ದು ಕಾಗುಣಿತವಲ್ಲ, ಒತ್ತಕ್ಷರವೂ ಅಲ್ಲ. ಒಂದೇ ಒಂದು ಪುಟ್ಟ ಮಾತು: ಹೊಡಿ.

ಪುಸ್ತಕದಲ್ಲಿ ‘ಹೊಡೆ ಅಂದರೆ ಪೆಟ್ಟು ಕೊಡು’ ಅಂತ ಒಂದು ಸಾಲಿನಲ್ಲಿ ಮುಗಿಸಿದ್ದರು. ಅವತ್ತು ಬಸ್ಸು ಹತ್ತಿದ ಕೂಡಲೇ ಡ್ರೈವರು “ಸೀಟಿ ಹೊಡಿಯೋ” ಅಂದ. ಇಳಿದರೆ, ಅತ್ತೆಯ ಮಗ ಗಾಡಿ ಹೊಡೆದುಕೊಂಡು ಬಂದಿದ್ದ. ದಾರಿಯಲ್ಲಿ ಒಬ್ಬ ಹುಡುಗ ದನ ಹೊಡ್ಕೊಂಡು ಹೋಗುತ್ತಿದ್ದ, ಇನ್ನೊಬ್ಬ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದ. ಹಬ್ಬಕ್ಕೆ ಅಂತ ಮನೆಗೆ ಸುಣ್ಣ ಹೊಡೆಸಿದ್ದರು. ಮಾವ ಜಗುಲಿಯಲ್ಲಿ ಗೊರಕೆ ಹೊಡೆಯುತ್ತಿದ್ದರು. ಅತ್ತೆ ಬಾಗಿಲಲ್ಲೇ ನಿಂತು, “ಬರ್ರಿ ಒಳಗ, ಬಿಸಿಲು ಹೊಡಿತೈತಿ” ಅಂದರು. ಹುಡುಗಿ ಬಿಟ್ಟ ಬಾಯಿ ಬಿಟ್ಟಂತೆ ಆಕಾಶ ನೋಡಿದಳು! ನೀವೇ ಎಣಿಸಿ ನೋಡಿ: ಕುಂಟೆ ಹೊಡಿ, ತಿಪ್ಪೆಗೊಬ್ಬರ ಹೊಡಿ, ಮೊಳೆ ಹೊಡಿ, ಕಾಜಾ ಹೊಡಿ, ಸಿಳ್ಳೆ ಹೊಡಿ, ಕಣ್ಣು ಹೊಡಿ, ಪರೀಕ್ಷೆಯಲ್ಲಿ ಕಾಪಿ ಹೊಡಿ, ಲಾಟರಿ ಹೊಡೀತು, ದುಡ್ಡು ಹೊಡೆದ, ವಾಸನೆ ಹೊಡೀತು. ದಾವಣಗೆರೆಯ ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದಾಗ ಜನ ಅಂದದ್ದು ‘ಹೊಟ್ಟೆ ಮೇಲೆ ಹೊಡೆದ್ರು’ ಅಂತಲೇ. ಯಾರ ಮೈಮೇಲೂ ಕೈ ಬೀಳಲಿಲ್ಲ, ಆದರೂ ಅದು ಎಲ್ಲಕ್ಕಿಂತ ಜೋರಾದ ಏಟು.

ನಮ್ಮ ಭಾಷೆಯೇ ಇಷ್ಟು ಗೋಜಲಾ ಅಂತ ನೀವು ಬೇಸರ ಮಾಡಿಕೊಳ್ಳಬೇಡಿ. ಮಕ್ಕಳಿಗೆ ಇಂಗ್ಲಿಷ್ ಪಾಠ ಹೇಳಿಕೊಡಲು ಕೂತ ತಾಯಂದಿರಿಗೆ ಇದು ಹೊಸದಲ್ಲ. ‘ರನ್’ ಅಂದರೆ ಓಡು ಅಂತ ಮಗುವಿಗೆ ಕಲಿಸಿರುತ್ತೀರಿ. ನಾಳೆ ಅದು ನೋಡಿದರೆ ಇಂಗ್ಲಿಷಿನಲ್ಲಿ ನೆಗಡಿಯಾದ ಮೂಗೂ ಓಡುತ್ತದೆ, ನಲ್ಲಿಯೂ ಓಡುತ್ತದೆ, ಸೀರೆಯ ಬಣ್ಣವೂ ಓಡುತ್ತದೆ, ಅಂಗಡಿಯನ್ನು ಯಜಮಾನ ‘ಓಡಿಸುತ್ತಾನೆ’! ಆಕ್ಸ್‌ಫರ್ಡಿನ ದೊಡ್ಡ ಇಂಗ್ಲಿಷ್ ನಿಘಂಟಿನ 1989ರ ಮುದ್ರಣದಲ್ಲಿ ‘ಸೆಟ್’ ಎಂಬ ಒಂದೇ ಕ್ರಿಯಾಪದಕ್ಕೆ ಸುಮಾರು 430 ಅರ್ಥ ಕೊಟ್ಟಿದ್ದರು. ಆಮೇಲೆ ಪರಿಷ್ಕರಿಸಲು ಕೂತ ಪಂಡಿತರು ‘ರನ್’ ಪದಕ್ಕೆ 645 ಅರ್ಥ ಲೆಕ್ಕ ಹಾಕಿದರು. ಇಷ್ಟೆಲ್ಲ ಕಲಿತು ಮುಗಿಸುವುದು ಹುಟ್ಟಿದವರಿಂದ ಸಾಧ್ಯವೇ! ಸದಾ ಬಳಸುವ ಪಾತ್ರೆಗೆ ಹೇಗೆ ಎಲ್ಲ ಅಡಿಗೆಯ ವಾಸನೆಯೂ ಹತ್ತುತ್ತದೋ, ಸದಾ ಬಾಯಲ್ಲಿರುವ ಪದಕ್ಕೂ ಹಾಗೆ.

ಇನ್ನೂ ಒಂದು ತಮಾಷೆ ಕೇಳಿ. ಸಿಂಗಪುರದಲ್ಲಿರುವ ನಮ್ಮ ನಾದಿನಿಯ ಮಗಳು ಶಾಲೆಯಲ್ಲಿ ಚೀನೀ ಕಲಿಯುತ್ತಾಳೆ. ಆ ಭಾಷೆಯಲ್ಲಿ ‘ದಾ’ ಅಂತ ಒಂದು ಪದ ಇದೆಯಂತೆ. ಮೂಲ ಅರ್ಥ, ಹೊಡೆಯುವುದು. ಆದರೆ ಚೀನೀಯರು ಫೋನನ್ನೂ ‘ದಾ’ ಮಾಡುತ್ತಾರೆ, ಸ್ವೆಟರನ್ನೂ ‘ದಾ’ ಮಾಡುತ್ತಾರೆ, ಮಳೆಯಲ್ಲಿ ಛತ್ರಿಯನ್ನೂ ‘ದಾ’ ಮಾಡುತ್ತಾರೆ. ಸೀನು, ಆಕಳಿಕೆ, ಗೊರಕೆ ಎಲ್ಲವೂ ‘ದಾ’. ಗೊರಕೆಯ ವಿಷಯದಲ್ಲಿ ಹದಡಿಯ ಮಾವನಿಗೂ ಚೀನಾದ ಮಾವನಿಗೂ ವ್ಯತ್ಯಾಸವಿಲ್ಲ, ಇಬ್ಬರೂ ಹೊಡೆಯುವವರೇ! ಬೆಳೆಗೆ ಔಷಧಿ ಸಿಂಪಡಿಸುವುದಕ್ಕೂ ಅವರು ನಮ್ಮ ಹಾಗೇ ‘ಔಷಧಿ ಹೊಡಿ’ ಅನ್ನುತ್ತಾರೆ. ಸಾವಿರ ವರ್ಷದ ಹಿಂದೆ ಅಲ್ಲಿ ಔಯಾಂಗ್ ಶ್ಯೂ (1007–1072) ಎಂಬ ದೊಡ್ಡ ವಿದ್ವಾಂಸನಿದ್ದ. ಅಕ್ಕಸಾಲಿಗ ಬೆಳ್ಳಿಯನ್ನು ಹೊಡೆಯುತ್ತಾನೆ ಅಂದರೆ ಒಪ್ಪೋಣ, ಅಲ್ಲಿ ಸುತ್ತಿಗೆ ಇದೆ. ದೋಣಿ ಕಟ್ಟುವುದು, ಮೀನು ಹಿಡಿಯುವುದು, ನೀರು ಸೇದುವುದು, ಛತ್ರಿ ಹಿಡಿಯುವುದು ಇವಕ್ಕೆಲ್ಲ ಅದೇ ಪದವೇ ಅಂತ ಅವನು ಬರೆದಿಟ್ಟು ಗೊಣಗಿದ್ದಾನೆ. ವಿದ್ವಾಂಸ ಗೊಣಗಿದರೆ ಜನ ಕೇಳುತ್ತಾರೆಯೇ? ಇವತ್ತಿಗೂ ನೀರನ್ನು ಅವರು ‘ಹೊಡೆಯುತ್ತಲೇ’ ಇದ್ದಾರೆ.

ಈ ಕಥೆ ಕೇಳಿದ ಮೇಲೆ ಹುಡುಗಿಗೆ ಧೈರ್ಯ ಬಂತು. ಹಿಂದಿಯಲ್ಲೂ ಕಣ್ಣು ‘ಮಾರ್‌ನಾ’, ಗಪ್ಪು ‘ಮಾರ್‌ನಾ’ ಅಂತೇವಲ್ಲ ಅಂತ ಅವಳೇ ನೆನಪಿಸಿಕೊಂಡಳು. ಅಷ್ಟರಲ್ಲಿ ಅಡಿಗೆಮನೆಯಿಂದ ಅತ್ತೆಯ ಸೊಸೆ, “ರೊಟ್ಟಿ ಬಡಿಯೋದು ಮುಗೀತು, ಊಟ ಹೊಲದಾಗ ಬಡಿಸೋಣೇನ್ರಿ?” ಅಂತ ಕೂಗಿದಳು. ಮತ್ತೆ ಗಾಬರಿ! ಬಡಿ ಅಂದರೆ ಹೊಡಿ, ಹಾಗಾದರೆ ಬಡಿಸು ಅಂದರೆ ಹೊಡೆಸು ತಾನೇ? ಹಾಗಲ್ಲಮ್ಮ, ಹಳಗನ್ನಡದಲ್ಲಿ ಅದು ‘ಬಡ್ಡಿಸು’ ಅಂತ ಇತ್ತು, ಸವೆದು ಸವೆದು ಬಡಿಸು ಆಯಿತು, ಬಡಿಗೆಯ ಜೊತೆ ಅದಕ್ಕೆ ನೆಂಟಸ್ತನವಿಲ್ಲ ಅಂತ ವಿವರಿಸಿದೆ. ತೆಂಗಿನಕಾಯಿ ಒಡೆಯುತ್ತೇವೆ, ಹಾಲು ಒಡೆಯುತ್ತದೆ, ಅದು ‘ಒಡೆ’, ಇದು ‘ಹೊಡೆ’. ಆದರೆ ಹಕಾರವನ್ನು ನುಂಗುವ ಊರುಗಳಲ್ಲಿ ಎರಡೂ ಒಂದೇ ಆಗಿ ಕೇಳಿಸುತ್ತವೆ. ಅಲ್ಲಿಗೆ ಹೋದಾಗ ನಿನ್ನ ಹಣೆಬರಹ ಅಂದೆ.

ನಗೆಯ ನಡುವೆ ಒಂದು ಗಂಭೀರದ ಮಾತೂ ಬಂತು. ಈ ಕಡೆ ಬೆಳೆಯ ವಿಷಕ್ಕೂ ‘ಔಷಧಿ’ ಅಂತಾರೆ, ‘ಎಣ್ಣೆ’ ಅಂತಾರೆ, ಜ್ವರದ ಗುಳಿಗೆಗೂ ಔಷಧಿ ಅಂತಾರೆ. ‘ಎಣ್ಣೆ ಹೊಡೆದು ಬಂದ’ ಅಂದರೆ ಗದ್ದೆಗೆ ಸಿಂಪಡಿಸಿ ಬಂದನೋ, ಸಾರಾಯಿ ಅಂಗಡಿಯಿಂದ ಬಂದನೋ, ಮುಖ ನೋಡಿಯೇ ತಿಳಿಯಬೇಕು! ಅದಿರಲಿ, ಹಳ್ಳಿಯವರು ಆಸ್ಪತ್ರೆಗೆ ಓಡಿ ಬಂದು ‘ಔಷಧಿ ಕುಡಿದುಬಿಟ್ಟಾಳ್ರಿ’ ಅಂದರೆ ಅದು ಕೆಮ್ಮಿನ ಔಷಧಿಯಲ್ಲ ಅಂತ ಡಾಕ್ಟರಿಗೆ ಆ ಕ್ಷಣವೇ ಹೊಳೆಯಬೇಕು. ಹುಡುಗಿ ಇದಕ್ಕೆ ಎರಡು ಗೆರೆ ಎಳೆದುಕೊಂಡಳು. ಹೊಲಮನೆ ಇರುವ ಸೋದರಿಯರೇ, ನಿಮಗೂ ಒಂದು ಮಾತು: ಆ ಡಬ್ಬಿಗಳನ್ನು ಅಡಿಗೆಮನೆಯ ಮಾಡಿನಲ್ಲಿ ಇಡಬೇಡಿ. ಉಳಿದದ್ದನ್ನು ಶರಬತ್ತಿನ ಬಾಟಲಿಗೆ ಸುರಿಯಲೇಬೇಡಿ. ಬೀಗ ಹಾಕುವ ಪೆಟ್ಟಿಗೆಯಲ್ಲಿ, ಅದರದೇ ಡಬ್ಬಿಯಲ್ಲಿ, ಮಕ್ಕಳ ಕೈಗೆ ಸಿಗದ ಕಡೆ ಇರಲಿ.

ಹೊಲದಲ್ಲಿ ಪೂಜೆಯಾಯಿತು. ನಾಲ್ಕು ಮೂಲೆಗೆ ಚರಗ ಚೆಲ್ಲಿ ಬಂದು ಬದುವಿನ ಮೇಲೆ ಊಟಕ್ಕೆ ಕೂತೆವು. ಸಜ್ಜೆ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಪುಂಡಿಪಲ್ಯ, ಎಳ್ಳು ಹೋಳಿಗೆ, ಕಡುಬು, ಮೊಸರು ಬುತ್ತಿ. ಏನು ರುಚಿ ಅಂತೀರಿ! ಪಕ್ಕದ ಊರಿನಿಂದ ಬಂದಿದ್ದ ಒಬ್ಬ ಹೆಂಗಸು ಮಜ್ಜಿಗೆ ಬಗ್ಗಿಸುವಾಗ ತೋಳಿನ ಸೆರಗು ಜಾರಿತು. ಮೊಳಕೈ ಮೇಲೆ ಅಂಗೈ ಅಗಲ ನೀಲಿ. ಹುಡುಗಿಗೆ ಓದಿನ ಗುಣ, ತಟ್ಟನೆ “ಏನಾಯ್ತು ಅಕ್ಕಾ?” ಅಂತ ಕೇಳಿದಳು.

“ಹೊಡೀತಾರ ಬಿಡ್ರಿ,” ಅಂದಳು ಅವಳು.

ಹುಡುಗಿ ನೋಟ್‌ಬುಕ್ಕು ತೆಗೆದು ನಗುತ್ತಾ, “ಏನು ಹೊಡೀತಾರೆ? ಗಾಡಿನಾ, ಸುಣ್ಣಾನಾ?” ಅಂದಳು. ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಆ ಹೆಂಗಸೂ ನಕ್ಕಳು. ನಗದೆ ಕೂತವರು ಅತ್ತೆ ಒಬ್ಬರೇ.

“ಏನೂ ಇಲ್ಲವ್ವ. ಬರೇ ಹೊಡೀತಾನ,” ಅಂದರು.

ಎಲ್ಲರೂ ಸುಮ್ಮನಾದರು. ಹಿಂದೆ ಮುಂದೆ ಯಾವ ಪದವೂ ಇಲ್ಲದ ‘ಹೊಡಿ’, ಪುಸ್ತಕದ ಮೊದಲ ಅರ್ಥ. ಅವಳು ಗಂಡನಿಗೆ ‘ಹೊಡೀತಾರ’ ಅಂತ ಬಹುವಚನ ಕೊಟ್ಟಿದ್ದಳು ನೋಡಿ. ಪೆಟ್ಟು ತಿನ್ನುವಾಗಲೂ ಮರ್ಯಾದೆ ತಪ್ಪಬಾರದು ಅಂತ ನಮಗೆ ಯಾರು ಕಲಿಸಿದರೋ! ಎಪ್ಪತ್ತು ದಾಟಿದ ಅತ್ತೆ ಆ ಬಹುವಚನವನ್ನು ಕಿತ್ತು ಹಾಕಿದ್ದರು. ಇದೇ ಮಾತು ಆಸ್ಪತ್ರೆಯಲ್ಲಿ, ಸಾಲಿನಲ್ಲಿ ಐವತ್ತು ಜನ ನಿಂತಿರುವಾಗ ಕೇಳಿದ್ದರೆ ನಾನೂ ಬರೆದುಕೊಂಡು ಮುಂದೆ ಹೋಗುತ್ತಿದ್ದೆನೇನೋ ಅಂತ ಹುಡುಗಿ ಆಮೇಲೆ ನನಗೆ ಹೇಳಿದಳು. ಅವತ್ತು ಅವಳು ನೋಟ್‌ಬುಕ್ಕು ಮುಚ್ಚಿ, ಆ ಹೆಂಗಸಿನ ಪಕ್ಕ ಹೋಗಿ ಕೂತು, ತೋಳು ಹಿಡಿದು ನೋಡಿ, ತನ್ನ ಹರಕು ಕನ್ನಡದಲ್ಲಿ ಮೆಲ್ಲಗೆ ಕೇಳಿದಳು: ಯಾವಾಗಿಂದ, ಎಷ್ಟು ಸಲ, ತಲೆಗೆ ಬಿದ್ದಿದೆಯಾ, ಮಕ್ಕಳಿಗೂ ಬೀಳುತ್ತದಾ.

ನನಗೆ ತಿಳಿದಷ್ಟನ್ನು ನಾನೂ ಹೇಳಿದೆ. ನಿಮ್ಮ ನೆರೆಯಲ್ಲಿ ಬೇಕಾದೀತು, ಕೇಳಿಸಿಕೊಳ್ಳಿ. ಮನೆಯೊಳಗಿನ ಹಿಂಸೆಯ ವಿರುದ್ಧ ಹೆಂಗಸರಿಗೆ ರಕ್ಷಣೆ ಕೊಡುವ ಕಾನೂನು 2005ರಲ್ಲಿ ಆಗಿದೆ, 2006ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ಗಂಡನ ಮನೆ ಅವಳ ಹೆಸರಿನಲ್ಲಿ ಇಲ್ಲದಿದ್ದರೂ ಅಲ್ಲಿ ಇರುವ ಹಕ್ಕು ಅವಳಿಗಿದೆ, ಕಾನೂನು ಮೀರಿ ಹೊರಗೆ ಹಾಕುವಂತಿಲ್ಲ. ಹೊಡೆಯಕೂಡದು ಅಂತ ಮ್ಯಾಜಿಸ್ಟ್ರೇಟರು ಆಜ್ಞೆ ಮಾಡಬಹುದು. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಇದಕ್ಕೆ ಸಂರಕ್ಷಣಾಧಿಕಾರಿ. ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ಕಚೇರಿ ತೋರಿಸುತ್ತಾಳೆ. ಮಹಿಳಾ ಸಹಾಯವಾಣಿಯ ನಂಬರು 181. ಬರೆದುಕೊಡಲಾ ಅಂತ ಕೇಳಿದೆ. “ಮೂರ ಅಂಕಿ ಅದಾವಲ್ರಿ, ಬರಿಯೋದು ಯಾಕ,” ಅಂತ ಅವಳು ಸೆರಗು ಸರಿಮಾಡಿಕೊಂಡು ಮಜ್ಜಿಗೆ ಬಗ್ಗಿಸಲು ಎದ್ದಳು. ಅಷ್ಟೇ. ಮುಂದೇನಾಯಿತು ಅಂತ ಕೇಳಬೇಡಿ. ಮುಂದಿನ ಅಮಾವಾಸ್ಯೆಯ ಹೊತ್ತಿಗೆ ಅವಳ ಮನೆಗೆ ಒಮ್ಮೆ ಹೋಗಿ ಬರುತ್ತೇನೆ ಅಂತ ಅತ್ತೆ ಹೇಳಿದರು. ಅವರು ಹೇಳಿದ್ದನ್ನು ಮಾಡುವವರು.

ಹೊರಡುವ ಮುಂಚೆ ಅತ್ತೆ ಹುಡುಗಿಯ ಕೈ ಹಿಡಿದು ಬತ್ತದ ಸಾಲಿಗೆ ಕರೆದುಕೊಂಡು ಹೋದರು. ತೆನೆ ಇನ್ನೂ ಹೊರಗೆ ಬಂದಿರಲಿಲ್ಲ. ಎಲೆಯ ಸುರುಳಿಯೊಳಗೆ ಬೆರಳು ದಪ್ಪ ಉಬ್ಬಿಕೊಂಡು ನಿಂತಿತ್ತು. “ಇದೂ ಹೊಡಿ ನೋಡು,” ಅಂದರು. ನಿಜ, ತೆನೆ ಬಿರಿಯುವ ಮುಂಚಿನ ಆ ಗರ್ಭಕ್ಕೆ ರೈತರು ಹೊಡೆ ಅಂತಲೇ ಅನ್ನುವುದು. ಹಳಗನ್ನಡದಲ್ಲಿ ‘ಪೊಡೆ’ ಅಂದರೆ ಹೊಟ್ಟೆ, ಬಸಿರು. ಪಕಾರ ಹಕಾರವಾಗಿ ಅದು ಹೊಡೆ ಆಯಿತು. ಪೆಟ್ಟಿನ ಹೊಡೆಯೂ ಹಾಗೇ ಬಂದು ಎರಡೂ ಒಂದೇ ರೂಪಕ್ಕೆ ನಿಂತವು. ಇಂಗ್ಲಿಷಿನ ಕೃಷಿ ಪಂಡಿತರು ಇದೇ ಹಂತಕ್ಕೆ ‘ಬೂಟ್’ ಅನ್ನುತ್ತಾರಂತೆ. ಕಾಲಿಗೆ ಹಾಕುವ ಬೂಟಿಗಿಂತ ನಮ್ಮ ಬಸಿರೇ ವಾಸಿ ಅಂತ ನನಗನ್ನಿಸಿತು. ಈ ಹುಣ್ಣಿಮೆಯ ಹಬ್ಬ ಅಂದರೆ ಬಸಿರಾದ ಬತ್ತಕ್ಕೆ, ಅದನ್ನು ಹೊತ್ತ ಭೂಮಿತಾಯಿಗೆ ಬಯಕೆ ಊಟ. ಅದಕ್ಕೇ ಅಷ್ಟು ಬಗೆ ಅಡಿಗೆ. ಬಸುರಿಗೆ ಏನೇನು ಆಸೆಯೋ ಯಾರಿಗೆ ಗೊತ್ತು ಅಂತ ಹುಳಿ, ಖಾರ, ಸಿಹಿ ಎಲ್ಲವನ್ನೂ ಕಲಸಿ ಗದ್ದೆಗೆ ಚೆಲ್ಲುತ್ತಾರೆ.

ಹುಡುಗಿ ಒಂದು ಹೊಡೆಯನ್ನು ಮೆಲ್ಲಗೆ ಮುಟ್ಟಿ ನೋಡಿದಳು. ಕೀಳಬೇಡ ಅಂತ ಅತ್ತೆ ಹೇಳುವ ಮೊದಲೇ ಕೈ ಹಿಂದಕ್ಕೆ ತೆಗೆದಳು. ಡಬ್ಬಿಯಲ್ಲಿ ನಮಗೆ ಎಳ್ಳು ಹೋಳಿಗೆ ತುಂಬಿ ಕೊಟ್ಟರು. ಪೂರ್ತಿ ಆರಿಸಿ ಮುಚ್ಚಳ ಹಾಕಿ, ಬಿಸಿ ಇರುವಾಗ ಮುಚ್ಚಿದರೆ ಬೆವರಿ ಕೆಡುತ್ತದೆ. ಹಾಗೆ ಇಟ್ಟರೆ ನಾಲ್ಕೈದು ದಿನ ಏನೂ ಆಗುವುದಿಲ್ಲ ಅಂದರು. ಮಹಡಿಯ ಮನೆಯಲ್ಲಿ ಅದು ಎರಡು ದಿನವೂ ಉಳಿಯಲಿಲ್ಲ.