ಯಾರಿಗಾಗಿ ಓದುತ್ತೀ ಎಂಬುದು ಮೊದಲು

ಗುಂಡ್ಲುಪೇಟೆ

ಪ್ರೀತಿಯ ಮಗಳೇ,

ಅರಿಶಿನ ಬೇಯಿಸಿ ಒಣಹಾಕುವ ಕಾಲವಾದ್ದರಿಂದ ನಿನ್ನ ಚಿಕ್ಕಪ್ಪ ಮನೆ ಸೇರುವುದು ಕತ್ತಲಾದ ಮೇಲೆಯೇ. ವೆಲ್ಲೂರಿನಲ್ಲಿ ನಿನ್ನ ಇಂಟರ್ನ್‌ಶಿಪ್ ಮುಗಿಯುತ್ತಾ ಬಂತು, ಆಕ್ಯುಪೇಷನಲ್ ಥೆರಪಿಯ ಸ್ನಾತಕೋತ್ತರ ಓದಿಗೆ, ಅಂದರೆ ಎಂ.ಓ.ಟಿ.ಗೆ, ಮಣಿಪಾಲವೋ, ಒಡಿಶಾದ ಓಲಟ್‌ಪುರವೋ, ಇಲ್ಲ ಅಮೆರಿಕವೋ ಎಂದು ನಿದ್ದೆಗೆಟ್ಟಿದ್ದೀಯೆಂದು ಭಾವ ಫೋನಿನಲ್ಲಿ ಹೇಳಿದರು. ನಾನು ಆಕ್ಯುಪೇಷನಲ್ ಥೆರಪಿ ಓದಿದವಳಲ್ಲ. ಆದರೆ ಸಮನ್ವಯ ಶಿಕ್ಷಣದ ಶಿಕ್ಷಕಿಯಾಗಿ, ಶಾಲೆಗೆ ಬರಲಾಗದ ಮಕ್ಕಳ ಮನೆಗಳಿಗೆ ಹೋಗುವವಳು. ನಿನ್ನ ವಿದ್ಯೆ ಎಲ್ಲಿ ಬೇಕಾಗಿದೆ ಎಂಬುದನ್ನು ದಿನವೂ ನೋಡುತ್ತೇನೆ. ಆ ಸಲುಗೆಯಿಂದ ಬರೆಯುತ್ತಿದ್ದೇನೆ.

ನಮ್ಮ ತಾಲ್ಲೂಕಿನ ತೆರಕಣಾಂಬಿ ಕಡೆಯಾಗಲಿ, ಹಂಗಳದ ಕಡೆಯಾಗಲಿ, ಮಿದುಳಿನ ಪಾರ್ಶ್ವವಾಯು ಇರುವ ಮಗುವಿರುವ ಮನೆಗೆ ಹೋದರೆ ಅಟ್ಟದ ಮೇಲೊಂದು ಗಾಲಿಕುರ್ಚಿ ಇರುತ್ತದೆ. ಶಿಬಿರದಲ್ಲಿ ಕೊಟ್ಟದ್ದು. ಮಗುವಿನ ಅಳತೆಗೆ ಅದು ಹೊಂದುವುದಿಲ್ಲ, ಹೊಸ್ತಿಲು ದಾಟುವುದಿಲ್ಲ, ಕೂರಿಸುವ ಬಗೆಯನ್ನು ತಾಯಿಗೆ ಯಾರೂ ಹೇಳಿಕೊಟ್ಟಿಲ್ಲ. ಆಕೆ ಮಗುವನ್ನು ಸೊಂಟದ ಮೇಲೆ ಹೊತ್ತೇ ಹೂವಿನ ಹೊಲಕ್ಕೆ ಹೋಗುತ್ತಾಳೆ. ಮಗುವಿಗೆ ಹತ್ತು ವರ್ಷವಾದಾಗ ತಾಯಿಯ ಬೆನ್ನೂ ಹೋಗಿರುತ್ತದೆ.

ಲಕ್ವ ಹೊಡೆದ ರೈತನ ವಿಷಯ ತೆಗೆದುಕೊ. ಅವನಿಗೆ ಚಮಚ ಹಿಡಿಯುವುದನ್ನು ಕಲಿಸಿ ಏನು ಪ್ರಯೋಜನ? ಅವನು ತಿನ್ನಬೇಕಾದದ್ದು ಮುದ್ದೆ. ಬಿಸಿ ಮುದ್ದೆಯನ್ನು ಮುರಿಯಬೇಕು, ಬೆರಳಲ್ಲಿ ಉಂಡೆ ಮಾಡಬೇಕು, ಸಾರಿಗೆ ಅದ್ದಿ ಅಗಿಯದೆ ನುಂಗಬೇಕು. ಬೆರಳಿನ ಹಿಡಿತ, ಮಣಿಕಟ್ಟಿನ ತಿರುವು, ನುಂಗುವ ಶಕ್ತಿ ಎಲ್ಲವೂ ಆ ಒಂದು ತುತ್ತಿನಲ್ಲಿವೆ. ಬೇರೆಯವರ ಕೈಯಲ್ಲಿ ತಿನ್ನಿಸಿಕೊಳ್ಳಬೇಕಾದ ದಿನವೇ ನಮ್ಮ ಗಂಡಸರು ಅರ್ಧ ಸತ್ತುಹೋಗುತ್ತಾರೆ. ನಮ್ಮ ಜಿಲ್ಲಾ ಕೇಂದ್ರ ಚಾಮರಾಜನಗರದಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ, ಜೀವ ಉಳಿಸುವವರು ಹತ್ತಿರ ಬಂದಿದ್ದಾರೆ. ಉಳಿದ ಜೀವ ಮನೆಯಲ್ಲಿ ಹೇಗೆ ಬಾಳಬೇಕೆಂದು ಹೇಳಿಕೊಡುವವರು ಬೇಕು ಮಗಳೇ.

ನೀನು ಓದಿದ ವೆಲ್ಲೂರಿನದೇ ಉದಾಹರಣೆ ಇದೆಯಲ್ಲ. ಡಾ. ಮೇರಿ ವರ್ಗೀಸ್ 1954ರ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಕಾಲುಗಳ ಸ್ವಾಧೀನ ಕಳೆದುಕೊಂಡರು. ಗಾಲಿಕುರ್ಚಿಯಲ್ಲೇ ಕುಳಿತು, ಡಾ. ಪಾಲ್ ಬ್ರಾಂಡ್ ಅವರ ಜೊತೆ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. 1966ರಲ್ಲಿ ಅಲ್ಲಿ ಪುನರ್ವಸತಿ ಕೇಂದ್ರ ತೆರೆಯುವಂತೆ ಮಾಡಿದರು. ಆ ಕೈಗಳ ಕಥೆ ನಮ್ಮ ಜಿಲ್ಲೆಗೂ ಸೇರಿದ್ದು. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ ದುಡಿಯುತ್ತಿದ್ದ ಡಾ. ಎಚ್. ಸುದರ್ಶನ್, 1986ರಲ್ಲಿ ಕರುಣಾ ಟ್ರಸ್ಟ್ ಕಟ್ಟಿದ್ದು ಯಳಂದೂರು ತಾಲ್ಲೂಕಿನ ಕುಷ್ಠರೋಗವನ್ನು ನೋಡಲಾರದೆ. ಔಷಧಿ ರೋಗಾಣುವನ್ನು ಕೊಲ್ಲುತ್ತದೆ. ಸ್ಪರ್ಶ ಕಳೆದುಕೊಂಡ ಕೈ ಒಲೆಯ ಮುಂದೆ ಸುಟ್ಟುಕೊಳ್ಳದಂತೆ ಕೆಲಸ ಮಾಡುವುದನ್ನು ಕಲಿಸಬೇಕಾದವರು ನೀವು.

ಈಗ ಕಾಲೇಜಿನ ಮಾತು. ಎಂ.ಓ.ಟಿ. ಎರಡು ವರ್ಷದ್ದು. ಮಕ್ಕಳು, ನರರೋಗ, ಕೈ ಮತ್ತು ಮೂಳೆ, ಮಾನಸಿಕ ಆರೋಗ್ಯ ಎಂದು ಸಾಮಾನ್ಯವಾಗಿ ಕವಲುಗಳಿರುತ್ತವೆ. ಮೊದಲು ಕವಲು ಆರಿಸು, ಆಮೇಲೆ ಆ ಕವಲಿನಲ್ಲಿ ಯಾವ ಕಾಲೇಜು ಗಟ್ಟಿ ಎಂದು ನೋಡು. ನಿನ್ನ ಗೆಳತಿಯರು ಇದನ್ನು ತಿರುಗಿಸಿ ಮಾಡುತ್ತಿದ್ದಾರೆ ಅನ್ನಿಸುತ್ತದೆ.

ಮಣಿಪಾಲದ ಬಲ ಅದರ ದೊಡ್ಡ ಆಸ್ಪತ್ರೆ. ಕರಾವಳಿ, ಮಲೆನಾಡುಗಳಿಂದ ರೋಗಿಗಳು ಬರುತ್ತಾರೆ, ಕನ್ನಡ ನಡೆಯುತ್ತದೆ. ನಿನ್ನ ಕೆಲಸದಲ್ಲಿ ಭಾಷೆಯೇ ಅರ್ಧ ಚಿಕಿತ್ಸೆ: ಎದ್ದಾಗಿನಿಂದ ಮಲಗುವವರೆಗೆ ಏನೇನು ಮಾಡುತ್ತೀರಿ ಎಂದು ಕೇಳದೆ ನೀನು ಏನನ್ನೂ ಶುರು ಮಾಡಲಾರೆ. ಆದರೆ ಅದು ಖಾಸಗಿ, ಶುಲ್ಕ ಹೆಚ್ಚು. ಕಟಕ್ ಬಳಿಯ ಓಲಟ್‌ಪುರದ ಸ್ವಾಮಿ ವಿವೇಕಾನಂದ ರಾಷ್ಟ್ರೀಯ ಪುನರ್ವಸತಿ ಸಂಸ್ಥೆ ಕೇಂದ್ರ ಸರ್ಕಾರದ್ದು. ಪ್ರವೇಶ ಪರೀಕ್ಷೆ ಬರೆಯಬೇಕು, ಶುಲ್ಕ ಕಡಿಮೆ. ಶಸ್ತ್ರಚಿಕಿತ್ಸೆ, ಫಿಸಿಯೋಥೆರಪಿ, ಕೃತಕ ಅಂಗಗಳ ತಯಾರಿ ಎಲ್ಲ ಒಂದೇ ಆವರಣದಲ್ಲಿವೆ. ಹಳ್ಳಿಯ ಬಡವರೇ ಬರುತ್ತಾರೆ. ಒಡಿಯಾ ಕಲಿಯಬೇಕಾದೀತು, ಆದರೆ ನೀನು ವೆಲ್ಲೂರಿನಲ್ಲಿ ತಮಿಳು ಕಲಿತವಳು.

ಅಮೆರಿಕದ ಬಗ್ಗೆ ಒಂದು ಎಚ್ಚರ. ಅಲ್ಲಿ ಸ್ನಾತಕೋತ್ತರ ಪದವಿ ಪಡೆದ ಮಾತ್ರಕ್ಕೆ ಥೆರಪಿಸ್ಟ್ ಆಗಿ ಕೆಲಸ ಮಾಡುವ ಅರ್ಹತೆ ತಾನಾಗಿ ಬರುವುದಿಲ್ಲ. ಹೊರದೇಶದಲ್ಲಿ ಓದಿದವರ ವ್ಯಾಸಂಗವನ್ನು ಅಲ್ಲಿನ ಪ್ರಮಾಣೀಕರಣ ಮಂಡಳಿ ಪರಿಶೀಲಿಸಿ ಒಪ್ಪಬೇಕು, ಅದರ ಪರೀಕ್ಷೆ ಪಾಸಾಗಬೇಕು, ಆಮೇಲೆ ಆಯಾ ರಾಜ್ಯದ ಲೈಸೆನ್ಸ್. ಇದನ್ನು ವಿಚಾರಿಸದೆ ಹೊಲದ ಮೇಲೆ ಸಾಲ ಎತ್ತಲು ಭಾವನಿಗೆ ಬಿಡಬೇಡ.

ಸಾಲದ ಮಾತು ಬಂತಲ್ಲ, ನನ್ನ ಮುಖ್ಯ ಮಾತು ಅದೇ. ದೊಡ್ಡ ಸಾಲ ಮಾಡಿ ಓದಿದವರು ಹೆಚ್ಚು ಸಂಬಳ ಸಿಗುವ ಕಡೆಗೇ ಹೋಗಬೇಕಾಗುತ್ತದೆ, ಅದು ಅವರ ತಪ್ಪಲ್ಲ. ಕಡಿಮೆ ಸಾಲದಲ್ಲಿ ಓದು ಮುಗಿಸಿದರೆ ಎಲ್ಲಿ ಕೆಲಸ ಮಾಡಬೇಕೆಂಬ ತೀರ್ಮಾನ ನಿನ್ನ ಕೈಯಲ್ಲೇ ಉಳಿಯುತ್ತದೆ. ಆ ತೀರ್ಮಾನಕ್ಕೆ ಯಾಕಿಷ್ಟು ಬೆಲೆ ಎನ್ನುತ್ತೀಯಾ? 1950ರಲ್ಲಿ ಮುಂಬೈಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಕಮಲಾ ನಿಂಬ್ಕರ್ ಈ ವಿದ್ಯೆಯ ಶಾಲೆ ತೆರೆದರು. 1952ರಲ್ಲಿ ಆಕ್ಯುಪೇಷನಲ್ ಥೆರಪಿಸ್ಟರ ವಿಶ್ವ ಒಕ್ಕೂಟ ಹುಟ್ಟಿದಾಗ ಭಾರತ ಸ್ಥಾಪಕ ದೇಶಗಳಲ್ಲೊಂದಾಗಿತ್ತು. ಇಷ್ಟು ಹಳೆಯ ವಿದ್ಯೆ ಇನ್ನೂ ನಮ್ಮ ಹಳ್ಳಿಗಳ ಹೊಸ್ತಿಲು ತುಳಿದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಗುರುತಿಸಿದ ಮೇಲೆ ಮನೆಗೆ ಬಂದು ಕೈಹಿಡಿಯುವವರು ಯಾರು?

ಕಾಲೇಜಿನವರನ್ನು ಕೇಳುವುದಕ್ಕಿಂತ ಎರಡನೇ ವರ್ಷದ ವಿದ್ಯಾರ್ಥಿಗಳನ್ನು ಕೇಳು. ದಿನಕ್ಕೆ ಎಷ್ಟು ರೋಗಿಗಳನ್ನು ಸ್ವತಃ ನೋಡುತ್ತೀರಿ? ತಪ್ಪು ಮಾಡಿದಾಗ ಪಕ್ಕದಲ್ಲಿ ನಿಂತು ತಿದ್ದುವವರು ಇದ್ದಾರೆಯೇ? ಹಳ್ಳಿಗೆ, ಮನೆಗಳಿಗೆ ಕಳಿಸುತ್ತಾರೆಯೇ? ಪ್ರಬಂಧದ ವಿಷಯ ನಿಮ್ಮದೋ, ಗೈಡ್ ಹೇಳಿದ್ದೋ? ಈ ನಾಲ್ಕಕ್ಕೆ ಸಿಗುವ ಉತ್ತರವನ್ನು ಯಾವ ಶ್ರೇಯಾಂಕ ಪಟ್ಟಿಗಿಂತಲೂ ಹೆಚ್ಚು ನಂಬು.

ನನ್ನನ್ನು ಕೇಳಿದರೆ, ಮಕ್ಕಳ ಕವಲು ಹಿಡಿ. ಓಲಟ್‌ಪುರದ ಪರೀಕ್ಷೆ ಬರೆ, ಸೀಟು ಸಿಕ್ಕರೆ ಹಿಂದೆ ಮುಂದೆ ನೋಡದೆ ಸೇರು. ಸಿಗದಿದ್ದರೆ ಮಣಿಪಾಲ, ಅದಕ್ಕೆ ನಾನೂ ಚಿಕ್ಕಪ್ಪನೂ ಕೈಲಾದಷ್ಟು ಕೊಡುತ್ತೇವೆ. ಅಮೆರಿಕ ಎಲ್ಲಿಗೂ ಓಡಿಹೋಗುವುದಿಲ್ಲ, ನಾಲ್ಕು ವರ್ಷ ಕೆಲಸ ಮಾಡಿ ಆಮೇಲೆ ಹೋಗು.

ಅರ್ಜಿ ತುಂಬುವ ಮುನ್ನ ಒಂದು ವಾರ ಇಲ್ಲಿಗೆ ಬಾ. ನನ್ನ ಜೊತೆ ನಾಲ್ಕು ಮನೆ ಸುತ್ತು, ಆ ತಾಯಂದಿರ ಜೊತೆ ಮಾತಾಡು. ಆಮೇಲೆ ನೀನು ಯಾವ ತೀರ್ಮಾನ ತೆಗೆದುಕೊಂಡರೂ ನಾವೆಲ್ಲ ನಿನ್ನ ಬೆನ್ನಿಗಿದ್ದೇವೆ.

ಇಂತಿ ನಿನ್ನ ಪ್ರೀತಿಯ
ಚಿಕ್ಕಮ್ಮ