ಕಾರ್ಮೆಲ್ ಗಿರಿಯ ತಪ್ಪಲಿನಲ್ಲಿ

ಉಡಿಗಾಲದ ಸೀಮೆಯವರಾದ ನಮಗೆ ಯಾತ್ರೆಯೆಂದರೆ ಬೆಟ್ಟವೇ ಹೊರತು ಕಡಲಲ್ಲ. ಹಿಮವದ್ಗೋಪಾಲಸ್ವಾಮಿ, ಬಿಳಿಗಿರಿರಂಗ, ಮಲೆಯ ಮಹದೇಶ್ವರ ಈ ಮೂರು ಗಿರಿಗಳಲ್ಲಿಯೇ ನಮ್ಮ ಹಿರಿಯರ ಹರಕೆಗಳು ಸಲ್ಲುತ್ತಿದ್ದುವು. ಸಮುದ್ರಯಾನವನ್ನು ಕಲಿವರ್ಜ್ಯಗಳಲ್ಲಿ ಎಣಿಸುವ ಗ್ರಂಥಗಳನ್ನು ಪಾಠಶಾಲೆಯಲ್ಲಿ ಓದಿದ ನಾನು ೨೦೧೮ರಲ್ಲಿ ಮೆಡಿಟರೇನಿಯನ್ ಕಡಲಿನ ಮೂಡಣ ಕರೆಯ ಪುರಾತನ ಪಟ್ಟಣಗಳನ್ನು ನೋಡಿಬಂದೆನು.

ಕೈಸರಿಯದಲ್ಲಿ ಹೆರೋದ ರಾಜನು ಎರಡು ಸಾವಿರ ವರ್ಷಗಳ ಹಿಂದೆ ಕಟ್ಟಿಸಿದ ರೇವು ಬಹುಮಟ್ಟಿಗೆ ನೀರಿನೊಳಗೆ ಅಡಗಿದೆ. ನೀರಿನಲ್ಲಿಯೇ ಗಟ್ಟಿಯಾಗುವ ಗಾರೆಗಾಗಿ ಇಟಲಿಯಿಂದ ಜ್ವಾಲಾಮುಖಿಯ ಬೂದಿಯನ್ನು ಹಡಗುಗಳಲ್ಲಿ ತರಿಸಿದ್ದರಂತೆ. ಅಕ್ಕಾ ಪಟ್ಟಣವು ೧೭೯೯ರಲ್ಲಿ ನೆಪೋಲಿಯನ್ನನನ್ನು ಹಿಂದಕ್ಕೆ ಕಳುಹಿಸಿದ ಊರು. ಹೈಫಾದ ಕಾರ್ಮೆಲ್ ಗಿರಿಯಲ್ಲಿ ಎಲೀಯ ಪ್ರವಾದಿಯ ಗುಹೆಯುಂಟು. ಯೆಹೂದ್ಯರು, ಕ್ರೈಸ್ತರು, ಮುಸಲ್ಮಾನರು ಮೂವರೂ ಅದಕ್ಕೆ ತಲೆಬಾಗುವರು. ಅದೇ ಗಿರಿಯ ಓರೆಯಲ್ಲಿ ಬಹಾಯಿಗಳ ಪವಿತ್ರ ಸಮಾಧಿಯ ಹೊನ್ನಿನ ಗುಮ್ಮಟವು ಹೊಳೆಯುತ್ತದೆ.

ಆದರೆ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದುದು ಈ ಕ್ಷೇತ್ರಗಳಲ್ಲ, ಅದೇ ಊರಿನಲ್ಲಿರುವ ಭಾರತೀಯ ಯೋಧರ ಸ್ಮಶಾನ. ೧೯೧೮ನೆಯ ಸೆಪ್ಟೆಂಬರ್ ೨೩ರಂದು ತುರ್ಕರ ಕೈಯಿಂದ ಹೈಫಾವನ್ನು ಬಿಡಿಸಿದವರಲ್ಲಿ ನಮ್ಮ ಮೈಸೂರು ಸಂಸ್ಥಾನದ ಲ್ಯಾನ್ಸರ್ ಕುದುರೆ ಸವಾರರೂ ಇದ್ದರು. ಜೋಧಪುರದವರು ಕೀಶೋನ್ ಹೊಳೆಗೂ ಬೆಟ್ಟಕ್ಕೂ ನಡುವಣ ದಾರಿಯಲ್ಲಿ ಊರಿನ ಮೇಲೆ ನುಗ್ಗಿದರು. ಮೈಸೂರಿನವರು ಕಡಿದಾದ ಕಾರ್ಮೆಲನ್ನು ಹತ್ತಿ ಮೇಲಿದ್ದ ಫಿರಂಗಿಗಳನ್ನು ಹಿಡಿದರು. ಭರ್ಜಿ ಕತ್ತಿಗಳು ಮೆಷೀನ್ ಗನ್ನುಗಳನ್ನು ಎದುರಿಸಿದ ದಿನವದು.

ಜೊತೆಯಲ್ಲಿದ್ದ ಮಿತ್ರರೊಬ್ಬರು, "ಮೇಷ್ಟರೇ, ಪರರ ಸಾಮ್ರಾಜ್ಯಕ್ಕಾಗಿ ಪರದೇಶದಲ್ಲಿ ಮಡಿದವರಿಗೆ ಯಾವ ವೀರಸ್ವರ್ಗ?" ಎಂದರು. ಆ ಮಾತನ್ನು ತಳ್ಳಿಹಾಕುವಂತಿಲ್ಲ. ಯುದ್ಧವನ್ನು ಹೂಡಿದವರು ಇವರಲ್ಲ, ಅದರ ಫಲವನ್ನು ಉಂಡವರೂ ಇವರಲ್ಲ. ಆದರೆ ನಮ್ಮ ನಾಡಿನ ವೀರಗಲ್ಲುಗಳನ್ನು ನೋಡಿರಿ. ತುರುಗಾಳಗದಲ್ಲಿ ಬಿದ್ದವನ ಒಡೆಯನು ಯೋಗ್ಯನೋ ಅಯೋಗ್ಯನೋ ಎಂದು ವಿಚಾರಿಸಿ ಯಾರೂ ಕಲ್ಲು ನೆಡಲಿಲ್ಲ. ಬಿದ್ದವನ ಮನೆಯವರ ಅಳಲು ನಿಜ, ಅಷ್ಟೇ ಸಾಕಾಗಿತ್ತು. ಇವರಿಗೂ ದೆಹಲಿಯಲ್ಲಿ ೧೯೨೨ರಲ್ಲಿ ಮೂರು ಮೂರ್ತಿಗಳು ನಿಂತುವು, ಬೆಂಗಳೂರಿನಲ್ಲಿಯೂ ಸ್ಮಾರಕಶಿಲೆಯೊಂದುಂಟು. ಆದರೂ ಮೈಸೂರಿನ ಸವಾರರು ಏರಿದ ಬೆಟ್ಟದ ಹೆಸರು ನಮ್ಮ ಮನೆಗಳಲ್ಲಿ ಎಷ್ಟು ಮಂದಿಗೆ ಗೊತ್ತು?

ಊರಿಗೆ ಬಂದಮೇಲೆ ಆ ದಿನದ ತಿಥಿಯನ್ನು ಎಣಿಸಿದೆನು. ಅದು ಕಾಳಯುಕ್ತಿ ಸಂವತ್ಸರದ ಭಾದ್ರಪದ ಬಹುಳ. ಎಂದರೆ ಮಹಾಲಯ ಪಕ್ಷ! ಇಲ್ಲಿ ಮನೆಮನೆಯಲ್ಲಿ ಪಿತೃಗಳಿಗೆ ಎಳ್ಳುನೀರು ಬಿಡುತ್ತಿದ್ದ ದಿನಗಳಲ್ಲಿಯೇ ಅಲ್ಲಿ ಆ ತರುಣರು ಕುದುರೆಗಳಿಂದ ಉರುಳಿದರು. ಸುದ್ದಿ ಕಡಲನ್ನು ದಾಟಿ ಬರುವುದರೊಳಗೆ ಪಕ್ಷವೇ ಕಳೆದಿದ್ದಿರಬೇಕು.

ನಮ್ಮ ತರ್ಪಣವಿಧಿಯಲ್ಲಿ ಬಂಧುಗಳಿಲ್ಲದವರಿಗೂ ನೀರು ಬಿಡುವ ಕ್ರಮವುಂಟು. ಗೋತ್ರವನ್ನು ಕೇಳದ, ದೇಶವನ್ನು ಕೇಳದ ಒಂದು ಬೊಗಸೆ ನೀರು ಅದು. ಹಿಂದೆ ಆ ಮಂತ್ರವನ್ನು ಹೇಳುವಾಗ ನನ್ನ ಕಣ್ಣಮುಂದೆ ಯಾರೂ ಬರುತ್ತಿರಲಿಲ್ಲ. ಈಗ ಬರುತ್ತಾರೆ. ನಮ್ಮ ವಾಚಕರಲ್ಲಿ ಮಹಾಲಯವನ್ನು ಆಚರಿಸುವವರು ಆ ಬೊಗಸೆಯನ್ನು ಬಿಡುವಾಗ ಕಾರ್ಮೆಲ್ ಗಿರಿಯನ್ನೂ ನೆನೆದರೆ ನನ್ನ ಯಾತ್ರೆ ಸಾರ್ಥಕವಾಯಿತೆಂದುಕೊಳ್ಳುವೆನು.