ಮರೆತವರ ನ್ಯಾಸ

ಆಲೂರಿನ ವರ್ತಕರೊಬ್ಬರ ಅಂಗಡಿಯಲ್ಲಿ ವೃದ್ಧ ಬೆಳೆಗಾರರೊಬ್ಬರು ಕಾಳುಮೆಣಸಿನ 12 ಮೂಟೆಗಳನ್ನು ನಂಬಿಕೆಯ ಮೇಲೆ ಇರಿಸಿದ್ದರು. ಮಳೆಗಾಲ ಕಳೆದ ಮೇಲೆ ಬಂದು, “ಸಾಹುಕಾರರೆ, ನನ್ನ 10 ಮೂಟೆ ಕೊಡಿಸಿ” ಎಂದರು. ಚೀಟಿಯಿರಲಿಲ್ಲ. ಸರಿಯಾದ ಲೆಕ್ಕ ವರ್ತಕರಿಗೆ ಮಾತ್ರ ನೆನಪಿತ್ತು.

ಮರೆವು ಅಪರಾಧವಲ್ಲ, ಅದು ಜ್ಞಾನಾವರಣ ಕರ್ಮದ ಫಲ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಮತಿಜ್ಞಾನಕ್ಕೆ ಅವಗ್ರಹ, ಈಹಾ, ಅವಾಯ, ಧಾರಣಾ ಎಂಬ ನಾಲ್ಕು ಭೇದಗಳನ್ನು ಹೇಳಿದ್ದಾರೆ. ವಸ್ತುವನ್ನು ಗ್ರಹಿಸಿ, ವಿಚಾರಿಸಿ, ನಿಶ್ಚಯಿಸಿದರೂ ಧಾರಣೆ ದೃಢವಾಗದಿದ್ದರೆ ಸ್ಮೃತಿಯು ಮೂಡದು. ಜರ್ಮನಿಯ ಎಬಿಂಗ್‌ಹೌಸ್ ಎಂಬ ವಿದ್ವಾಂಸನು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ ಪರೀಕ್ಷಿಸಿ 1885ರಲ್ಲಿ ಪ್ರಕಟಿಸಿದ ಗ್ರಂಥವೂ ಇದಕ್ಕೆ ಹೊಂದುತ್ತದೆ: ಮರೆವು ಮೊದಲ ದಿನದಲ್ಲಿಯೇ ಅತಿವೇಗದ್ದು, ಅನಂತರ ನಿಧಾನ, ಪುನರಾವರ್ತನೆಯಿಂದ ನೆನಪು ನಿಲ್ಲುತ್ತದೆ. ಮೂಟೆಗಳನ್ನು ದಿನವೂ ಕಾಣುತ್ತಿದ್ದ ವರ್ತಕರಿಗೆ ನೆನಪು ಉಳಿದುದು, ಒಮ್ಮೆ ಇಟ್ಟುಹೋದವರಿಗೆ ಅಳಿದುದು ಸಹಜವೇ.

ಆದರೆ ಪರರ ಮರೆವು ನಮ್ಮ ಲಾಭವೆ? ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ನ್ಯಾಸಾಪಹಾರವೂ ಒಂದು. ಇಟ್ಟವನು ಸಂಖ್ಯೆ ಮರೆತು ಕಡಿಮೆ ಕೇಳಿದಾಗ ‘ಹೌದು, ಅಷ್ಟೇ’ ಎಂದು ಒಪ್ಪಿಕೊಳ್ಳುವುದೇ ನ್ಯಾಸಾಪಹಾರವೆಂದು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಸುಳ್ಳು ಹೇಳಬೇಕಾಗಿಲ್ಲ, ತಲೆಯಾಡಿಸಿದರೂ ವ್ರತಕ್ಕೆ ಕಳಂಕ.

ವರ್ತಕರು ಕ್ಷಣಕಾಲ ಸುಮ್ಮನಿದ್ದರು. ಬಳಿಕ, “10 ಅಲ್ಲ ಯಜಮಾನರೆ, 12 ಇವೆ, ಎಣಿಸಿಕೊಳ್ಳಿ” ಎಂದರು. ಅಂದಿನಿಂದ ಇರಿಸಿದ ಸರಕಿಗೆಲ್ಲ ಎರಡು ಚೀಟಿ ಬರೆಯತೊಡಗಿದರು: ಒಂದು ಇಟ್ಟವರಿಗೆ, ಒಂದು ತಮಗೆ. ಮುಂದೊಮ್ಮೆ ಮರೆಯುವವರು ತಾವೇ ಆಗಬಹುದಲ್ಲವೆ!